ಹೊಸ್ತಿಲು ಕೀಳುವುದಿಲ್ಲ

ನಾನು ಕೈ ಎತ್ತಿ ಅನುಮತಿ ಕೇಳಿ ಬೆಳೆದವಳು. ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ನೀರು ಕುಡಿಯಬೇಕಾದರೂ ಕೈ ಎತ್ತಬೇಕಿತ್ತು. ಎತ್ತಿದ ಕೈ ಇಳಿಸಬೇಕಾದರೆ ಸಿಸ್ಟರ್ ತಲೆಯಾಡಿಸಬೇಕಿತ್ತು. ಅವರು ಬೋರ್ಡಿನ ಕಡೆ ತಿರುಗಿಬಿಟ್ಟರೆ ಕೈ ಮೇಲೆಯೇ, ಬಾಯಾರಿಕೆ ಒಳಗೇ. ನೋಟ್‌ಬುಕ್ಕಿನ ಎಡಕ್ಕೆ ಸ್ಕೇಲಿಟ್ಟು ಮಾರ್ಜಿನ್ ಎಳೆಯಬೇಕು, ಆ ಗೆರೆಯೊಳಗೆ ಅಕ್ಷರದ ಬಾಲವೂ ಇಣುಕಬಾರದು. ಇಂಥ ಶಾಲೆಯಿಂದ ಹೊರಬಿದ್ದ ದಿನವೇ ಕೆಲವರು ಮಾರ್ಜಿನ್ ಹರಿದು ಬಿಸಾಡುತ್ತಾರೆ. ನನ್ನಂಥವರು ಅದನ್ನು ಜನ್ಮವಿಡೀ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಾರೆ. ಫ್ರೀವೇಯಲ್ಲಿ ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ ಫಲಕದಲ್ಲಿ ಬರೆದ ವೇಗ ಮೀರದವಳು ನಾನು. ದಿನಸಿ ಅಂಗಡಿಯಲ್ಲಿ ಕೆಲವೇ ಸಾಮಾನು ಕೊಂಡವರಿಗೆಂದಿರುವ ಎಕ್ಸ್‌ಪ್ರೆಸ್ ಸಾಲಿನಲ್ಲಿ ಬಾಳೆಹಣ್ಣಿನ ಚಿಪ್ಪನ್ನು ಒಂದು ಎಂದು ಎಣಿಸಬೇಕೋ, ಹಣ್ಣು ಹಣ್ಣೇ ಎಣಿಸಬೇಕೋ ಎಂದು ಬೆವರುವವಳು. ಆದರೆ ಈ ವಿಷಯದಲ್ಲಿ ನನ್ನದೊಂದು ಸಿದ್ಧಾಂತವಿದೆ. ನಿಯಮ ಮುರಿಯುವವರು ತಮ್ಮ ಧೈರ್ಯವನ್ನು ದಿನಾ ಚಿಲ್ಲರೆಯಾಗಿ ಉಡಾಯಿಸಿಬಿಡುತ್ತಾರೆ. ಪಾಲಿಸುವವರದು ಡಬ್ಬಿಯಲ್ಲಿ ಹಾಗೇ ಉಳಿದಿರುತ್ತದೆ. ಒಂದು ದಿನ ಮುಚ್ಚಳ ಹಾರಿದರೆ ಅಷ್ಟೂ ಒಟ್ಟಿಗೇ ಹೊರಗೆ ಬರುತ್ತದೆ. ನನ್ನ ಮುಚ್ಚಳ ಹಾರಿದ್ದು ಒಂದು ಮರದ ಪಟ್ಟಿಯ ವಿಷಯಕ್ಕೆ.

ನಾವಿರುವುದು ಸ್ಯಾನ್ ಡಿಯಾಗೋದ ಉತ್ತರಕ್ಕೆ, ರ್‍ಯಾಂಚೊ ಪೆನಾಸ್ಕಿಟೋಸ್ ದಾಟಿ ಇನ್ನೂ ಸ್ವಲ್ಪ ಒಳಗೆ, ಒಂದು ಚಿಕ್ಕ ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಆಫೀಸಿನ ಕೌಂಟರಿನಲ್ಲಿ ನನಗೆ ಮುಂದೆಯೂ ಕೆಲಸ ಬೀಳಬಹುದು. ನಮ್ಮ ಬೀದಿಯ ಮನೆಗಳೆಲ್ಲ ಹಾಲು ಹೆಚ್ಚಾದ ಚಹಾದ ಬಣ್ಣದವು. ನಮ್ಮದೂ ಅಷ್ಟೇ. ಈ ಮನೆಗೆ ಎಲ್ಲ ಇದೆ, ಹೊಸ್ತಿಲು ಮಾತ್ರ ಇಲ್ಲ. ಬಾಗಿಲ ಕೆಳಗೆ ಒಂದು ಅಲ್ಯೂಮಿನಿಯಂ ಪಟ್ಟಿ ಇದೆ. ಬಂದ ಹೊಸತರಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚುವಾಗ, ಬಸ್ಸಿನ ಫುಟ್‌ಬೋರ್ಡಿಗೆ ಪೂಜೆ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ವರ್ಷಗಟ್ಟಲೆ ಅರಿಶಿನ ಕುಡಿದು ಅದೂ ಹಿತ್ತಾಳೆಯ ಬಣ್ಣಕ್ಕೆ ತಿರುಗಿದೆ. ಬಂದವರು "ಏನ್ರೀ, ಬ್ರಾಸ್ ಹಾಕಿಸಿದ್ದೀರಾ?" ಎಂದು ಕೇಳುತ್ತಾರೆ. ನಾನು ಹ್ಞೂಂ ಅನ್ನುವುದೂ ಇಲ್ಲ, ಉಹ್ಞೂಂ ಅನ್ನುವುದೂ ಇಲ್ಲ.

ಇಂಥ ಮನೆಗೆ ಧಾರವಾಡದಿಂದ ನಮ್ಮ ಅತ್ತೆ ಬಂದರು. ಮಾವ ತೀರಿಕೊಂಡು ಒಂದು ವರ್ಷ ಕಳೆದಿತ್ತು. ಅತ್ತೆಯ ಮಾತು ಗಟ್ಟಿ, ನಡೆ ಚುರುಕು, ಹಲ್ಲೆಲ್ಲ ಸ್ವಂತದ್ದು. ಬಂದ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಬಾಗಿಲು ತೆರೆದು ಪಟ್ಟಿ ಒರೆಸಿ ರಂಗೋಲಿ ಎಳೆದು ತಲೆ ಎತ್ತುತ್ತೇನೆ, ಅತ್ತೆ ಹಿಂದೆ ನಿಂತಿದ್ದಾರೆ. ಕೈಯಲ್ಲಿ ಊರಿಂದ ತಂದ ರಂಗೋಲಿ ಡಬ್ಬಿ. "ಆತೇನು? ಇರ್ಲಿ ಬಿಡು," ಎಂದು ಒಳಗೆ ಹೋದರು. ಮರುದಿನವೂ ಹಾಗೇ. ಅದರ ಮರುದಿನ ಡಬ್ಬಿ ತರಲಿಲ್ಲ.

ಒಂದು ಮಧ್ಯಾಹ್ನ ಅವರೆಕಾಳು ಸುಲಿಯುತ್ತಾ ಕೂತಾಗ, ಯಾರದೋ ಸುದ್ದಿ ಹೇಳುವಂತೆ ಹೇಳಿದರು. ಮಾವ ಹೋದ ಮೇಲೆ ಅಲ್ಲಿಯ ಕೂಡುಮನೆಯಲ್ಲಿ ಅವರ ನೆಗೆಣ್ಣಿ, ಅಂದರೆ ಮಾವನ ತಮ್ಮನ ಹೆಂಡತಿ, "ಅಕ್ಕಾ, ನೀವಿನ್ನ ಹೊಸ್ತಿಲಕ್ಕ ಕೈ ಹಚ್ಚಬ್ಯಾಡ್ರಿ, ನಾ ಮಾಡ್ತೀನಿ" ಅಂದರಂತೆ. ಮದುವೆಯಾಗಿ ಬಂದಂದಿನಿಂದ ಪೂಜಿಸಿದ ಹೊಸ್ತಿಲು. "ಭಾಳ ಮೆತ್ತಗ ಹೇಳಿದ್ಲು ನೋಡು. ಬೈದಿದ್ರ ಜಗಳಾ ಮಾಡ್ತಿದ್ದೆ," ಎಂದು ಸುಲಿದ ಸಿಪ್ಪೆಯನ್ನು ಮೊರದಿಂದ ಕೊಡವಿದರು. "ನಾಳೆಯಿಂದ ನಮ್ಮನೆ ಹೊಸ್ತಿಲು ನೀವೇ ಮಾಡಿ ಅತ್ತೆ," ಅಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, "ನಿನ್ನ ಮನಿ ಹೊಸ್ತಿಲು ನೀ ಮಾಡಬೇಕವಾ. ಬಿಟ್ಟುಕೊಟ್ಟ ಹೊಸ್ತಿಲು ನಾ ಒಲ್ಲೆ. ನಂದು ಅಂತ ಒಂದಿದ್ರ ಇಲ್ಲಿ ಇರ್ತೀನಿ. ಇಲ್ಲಾಂದ್ರ ಸಂಕ್ರಾಂತಿಗೆ ಟಿಕೀಟು ಅದನ ಅದ," ಎಂದರು. ಆ ಟಿಕೀಟು ಅವರ ಕೈಚೀಲದ ಒಳಜೇಬಿನಲ್ಲಿ, ವಿಭೂತಿ ಪೊಟ್ಟಣದ ಪಕ್ಕದಲ್ಲಿ ಇರುವುದು ನನಗೆ ಗೊತ್ತಿತ್ತು.

ಅತ್ತೆ ಹೊರಟುಬಿಟ್ಟರೆ ಸೊಸೆಗೆ ಹಬ್ಬ ಅಂತ ಲೋಕ ನಂಬಿದೆ. ಲೋಕಕ್ಕೆ ನನ್ನ ಹಗಲುಗಳು ಗೊತ್ತಿಲ್ಲ. ಇವರು ಬೆಳಿಗ್ಗೆ ಕಾರು ಹತ್ತಿದರೆ ಮರಳಿ ಬರುವಾಗ ದೀಪ ಹಚ್ಚಿರುತ್ತೇವೆ. ಮಗಳು ಅನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ ಕೊಟ್ಟು ಮಹಡಿ ಹತ್ತುತ್ತಾಳೆ. ಅಷ್ಟು ವರ್ಷದಲ್ಲಿ ಹಗಲು ಹೊತ್ತು ಈ ಮನೆಯಲ್ಲಿ ನನ್ನ ಜೊತೆ ಮಾತಾಡಿದ್ದು ಡ್ರೈಯರ್ ಒಂದೇ, ಅದೂ ಬಟ್ಟೆ ಒಣಗಿದಾಗ. ಅತ್ತೆ ಬಂದ ಮೇಲೆ ನಾನು ಅಡುಗೆಮನೆಯಲ್ಲಿ ಜೋರಾಗಿ ನಕ್ಕಿದ್ದನ್ನು ಕೇಳಿ ಅನು ಕೆಳಗಿಳಿದು ಬಂದು "ಆರ್ ಯೂ ಓಕೆ?" ಎಂದು ವಿಚಾರಿಸಿದ್ದಳು. ಇಂಥ ಅತ್ತೆಯನ್ನು ನಾನು ಸಂಕ್ರಾಂತಿಗೆ ಎಳ್ಳು ಬೀರಿದ ಹಾಗೆ ಬೀರಿಬಿಡಲೇ? ಸಾಧ್ಯವಿಲ್ಲ ಅಂದುಕೊಂಡೆ.

ಇವರಿಗೆ, ಅಂದರೆ ನನ್ನ ಗಂಡ ಶ್ರೀನಿವಾಸರಿಗೆ, ವಿಷಯ ಹೇಳಿದೆ. ಇವರು ಟೆಲಿಕಾಂ ಇಂಜಿನಿಯರ್. ಯಾವ ಭಾವನೆಯನ್ನು ಮುಂದಿಟ್ಟರೂ ಅದಕ್ಕೊಂದು ಸ್ಪ್ರೆಡ್‌ಶೀಟ್ ತೆರೆಯುತ್ತಾರೆ. ಆ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆ ಮಾಡಿಕೊಳ್ಳುವ ಕಾನೂನು ಸಡಿಲವಾಗಿ, ಆಫೀಸಿನ ಕಾಫಿ ಮೇಜಿನಲ್ಲೆಲ್ಲ ಅದೇ ಮಾತಂತೆ. ಕಟ್ಟಿಸುವುದಾದರೆ ತಡವಾಗುತ್ತದೆ; ಫ್ಯಾಕ್ಟರಿಯಲ್ಲಿ ತಯಾರಾದ ಮನೆಯಾದರೆ ಲಾರಿಯಲ್ಲಿ ತಂದು ಕೂರಿಸಿಬಿಡುತ್ತಾರೆ, ಸಂಕ್ರಾಂತಿಗೆ ಮೊದಲೇ ಆಗುತ್ತದೆ ಎಂದರು. ಅನುಗೆ ಖುಷಿಯಾಯಿತು. "ಅಜ್ಜೀಸ್ ಹೌಸ್ ಈಸ್ ಕಮಿಂಗ್ ಬೈ ಡೆಲಿವರಿ? ಡಸ್ ಶೀ ಹ್ಯಾವ್ ಟು ಸೈನ್ ಫಾರ್ ಇಟ್?" ಎಂದು ಕೇಳಿದಳು. ಅಷ್ಟುದ್ದ ವಾಕ್ಯ ಅವಳಿಂದ ಕೇಳಿ ತಿಂಗಳುಗಳಾಗಿದ್ದವು.

ರಿವರ್‌ಸೈಡ್ ಕಡೆ ಫ್ರೀವೇ ಪಕ್ಕದ ಬಯಲಿನಲ್ಲಿ ಇಂಥ ಮನೆಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಾರೆ. ಅತ್ತೆಯನ್ನೂ ಕರೆದುಕೊಂಡು ಹೋದೆವು. ಮಾರುವವನು ಗೋಡೆಗೆ ಗುದ್ದಿ ಗುದ್ದಿ ಗಟ್ಟಿತನ ತೋರಿಸಿದ. ಅತ್ತೆ ಗೋಡೆಯ ಕಡೆ ನೋಡಲೇ ಇಲ್ಲ. ಒಲೆಯ ಮುಂದೆ ನಿಂತು ಕೈ ಬೀಸಿ ಜಾಗ ಅಳೆದರು, ಕಪಾಟಿನೊಳಗೆ ಮೂಗಿಟ್ಟು ವಾಸನೆ ನೋಡಿದರು, ಕೊನೆಗೆ ಬಾಗಿಲಿಗೆ ಬಂದು ಕೆಳಗೆ ನೋಡಿದರು. "ಹೊಸ್ತಿಲೆಲ್ಲೆದ?" ಅಂದರು. ನಾನು ಅನುವಾದಿಸಿದೆ. ಮಾರುವವನು ಹೆಮ್ಮೆಯಿಂದ, ಅದೇ ಇದರ ವಿಶೇಷ, ನೆಲ ಸಪಾಟಾಗಿರುತ್ತದೆ, ವಯಸ್ಸಾದವರು ಎಡವುವ ಭಯವೇ ಇಲ್ಲ ಎಂದ. ಅದನ್ನೂ ಅನುವಾದಿಸಿದೆ. ಅತ್ತೆ ಅವನನ್ನು ಕನಿಕರದಿಂದ ನೋಡಿ, "ಎಡವೂದ ಇಲ್ಲಾಂದ್ರ ಮನಿ ಬಂತು ಅಂತ ಕಾಲಿಗೆ ಹೆಂಗ ಗೊತ್ತಾಗಬೇಕು?" ಎಂದರು. ಇದನ್ನು ನಾನು ಅನುವಾದಿಸಲಿಲ್ಲ. ಹೊಸ್ತಿಲನ್ನು ನಾವೇ ಹಾಕಿಸೋಣ ಎಂದು ಇವರು ತಾಯಿಗೆ ಮಾತು ಕೊಟ್ಟರು. ಮನೆ ನಿಶ್ಚಯವಾಯಿತು.

ಅಲ್ಲಿಂದ ಊರಿನ ಪರವಾನಗಿ ಆಫೀಸಿನ ಕೌಂಟರಿನ ದಿನಗಳು ಶುರುವಾದವು. ಇವರು ರಜೆ ಹಾಕಲಾಗದ್ದರಿಂದ ಹೋಗುವ ಕೆಲಸ ನನ್ನದು. ಕೌಂಟರಿನ ಹುಡುಗಿ ಒಳ್ಳೆಯವಳು. ಉಗುರಿಗೆಲ್ಲ ಹಳದಿ ಬಣ್ಣ, ಕಿರುಬೆರಳೊಂದಕ್ಕೆ ನೀಲಿ. ಯಾವ ಪ್ರಶ್ನೆ ಕೇಳಿದರೂ ಆ ನೀಲಿ ಬೆರಳನ್ನು ತುಟಿಗಿಟ್ಟುಕೊಂಡು "ಇಟ್ ಡಿಪೆಂಡ್ಸ್" ಅನ್ನುತ್ತಿದ್ದಳು. ಲಾರಿಯಲ್ಲಿ ಬಂದ ಮನೆ ಲಾರಿಯಲ್ಲಿ ಬಂದ ಹಾಗೆ ಕಾಣಬಾರದು, ಇದು ಒಟ್ಟು ತಾತ್ಪರ್ಯ. ಚಕ್ರ, ಎಳೆಯುವ ಕೊಂಡಿ ಎಲ್ಲ ಕಳಚಬೇಕು. ಶಾಶ್ವತ ಅಡಿಪಾಯಕ್ಕೆ ಬಿಗಿಯಬೇಕು. ಸೂರು ಗೋಡೆಯಿಂದ ಹೊರಗೆ ಚಾಚಿರಬೇಕು, ಬೋಳಾಗಿರಬಾರದು. ಹೊರಗೋಡೆಯ ಹೊದಿಕೆ, ಚಾವಣಿಯ ಹೆಂಚು ದೊಡ್ಡ ಮನೆಗೆ ಹೊಂದಬೇಕು, ಬೇಲಿಯಿಂದ ಇಷ್ಟು ಜಾಗ ಬಿಡಬೇಕು. ಇವರು ಇದನ್ನೆಲ್ಲ ಕೇಳಿ ಸಿಡಿಮಿಡಿಗೊಂಡರು. ನನಗೋ, ಬೇಲಿಯಿಂದ ಬಿಡಬೇಕಾದ ಜಾಗದ ನಕ್ಷೆ ನೋಡಿದಾಗ ಕಣ್ಣು ತೇವವಾಯಿತು. ಅದು ನಮ್ಮ ಸಿಸ್ಟರ್ ಎಳೆಸುತ್ತಿದ್ದ ಮಾರ್ಜಿನ್ನೇ. ಸ್ಕೇಲಿಟ್ಟು ನಾನೇ ಎಷ್ಟು ಚೆನ್ನಾಗಿ ಎಳೆದುಕೊಂಡು ಹೋದೆನೆಂದರೆ ಕೌಂಟರಿನ ಹುಡುಗಿ ಪಕ್ಕದವಳನ್ನು ಕರೆದು ತೋರಿಸಿದಳು.

ಒಂದೇ ಒಂದು ಕಡೆ ನನಗೆ ಮೈ ಉರಿಯಿತು. "ಸುತ್ತಲಿನ ಮನೆಗಳ ಸ್ವಭಾವಕ್ಕೆ ಹೊಂದುವಂತಿರಬೇಕು" ಎಂಬ ಮಾತಿಗೆ. ಅದನ್ನು ಓದಿ ನಾನು ಪಾರ್ಕಿಂಗಿನಲ್ಲಿ ಕಾರು ಶುರು ಮಾಡದೆ ಸ್ವಲ್ಪ ಹೊತ್ತು ಕೂತೆ. ಬೇರೆಲ್ಲೋ ತಯಾರಾಗಿ, ದೂರ ಪ್ರಯಾಣ ಮಾಡಿ, ಚಕ್ರ ಕಳಚಿಸಿಕೊಂಡು, ಅಪರಿಚಿತರ ಅಡಿಪಾಯದ ಮೇಲೆ ಬೋಲ್ಟು ಬಿಗಿಸಿಕೊಂಡು, ಅಕ್ಕಪಕ್ಕದವರಿಗೆ ಹೊಂದುವಂತೆ ಬಣ್ಣ ಬಳಿಸಿಕೊಂಡು ನಿಲ್ಲಬೇಕು. ಈ ನಿಯಮ ಬರೆದವರು ಮನೆಯ ಬಗ್ಗೆ ಬರೆದರೋ ಸೊಸೆಯ ಬಗ್ಗೆ ಬರೆದರೋ? ಅಂದಿನಿಂದ ಆ ಮನೆಯ ಮೇಲೆ ನನಗೆ ವಾರಗಿತ್ತಿಯ ಪ್ರೀತಿ ಬಂತು.

ಆ ಪ್ರೀತಿ ಸೆರಿಟೋಸ್ ಎಂಬ ಊರಿನಲ್ಲಿ ಕೆಲಸಕ್ಕೆ ಬಂತು. ಅಲ್ಲೊಬ್ಬರ ಮನೆಯಲ್ಲಿ ಗಣೇಶನ ಹಬ್ಬದ ಊಟಕ್ಕೆ ಸೇರಿದ್ದೆವು. ಅಲ್ಲಿಯ ಹೆಂಗಸರೆಲ್ಲ ಅಡುಗೆಮನೆಯ ಕಲ್ಲಿನ ಕಟ್ಟೆ ಬದಲಿಸಿದ ಸುದ್ದಿಯಲ್ಲಿದ್ದರು. ವಿಜಯಾ ಎಂಬಾಕೆ, ಆಕೆಯ ನಾಲಿಗೆಗೆ ಉಪ್ಪಿನಕಾಯಿಗಿಂತ ಖಾರ, ಎಲ್ಲರಿಗೂ ಕೇಳುವಂತೆ, "ಏನ್ ನಿರ್ಮಲಾ, ಅತ್ತೇನ ಗ್ಯಾರೇಜ್ ಹಿಂದೆ ಪಾರ್ಕ್ ಮಾಡ್ತೀಯಂತೆ?" ಎಂದಳು. ಇನ್ನೊಬ್ಬಾಕೆ ಮೆಲ್ಲಗೆ, "ಅದೇ ಟ್ರೈಲರ್ ಅಂತಾರಲ್ಲ, ಅದಾ? ಪಾಪ, ಗಾಳಿ ಬಂದ್ರೆ?" ಎಂದರು. ಹಿಂದಿನ ನಿರ್ಮಲಾ ಆಗಿದ್ದರೆ ಪಾಯಸ ಬಡಿಸಿಕೊಳ್ಳಲು ಎದ್ದು ಹೋಗುತ್ತಿದ್ದಳು. ನಾನು ಎದ್ದು ಹೋಗಲಿಲ್ಲ. "ಹೌದು ವಿಜಯಾ. ಬೇರೆ ಕಡೆ ತಯಾರಾಗಿ ಇಲ್ಲಿ ಬಂದು ಕೂರೋದು. ನೀನೂ ನಾನೂ ಹಾಗೇ ಬಂದವರಲ್ವಾ? ಇನ್ನೂ ಗಾಳಿಗೆ ಹಾರಿಲ್ಲ," ಎಂದೆ. ಅತ್ತೆ ಮೂಲೆಯಿಂದ, "ಪಾರ್ಕು ಅಂದ್ರ ತ್ವಾಟಲ್ಲೇನು? ಅಲ್ಲೇ ಇರ್ತೀನವಾ, ನಿಂಬಿ ಗಿಡದ ಮಗ್ಗಲಕ," ಎಂದು ಕೋಸಂಬರಿಗೆ ಕೈ ಚಾಚಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಬರುವಾಗ ಕಾರಿನಲ್ಲಿ ನನ್ನ ಬೆನ್ನಿಗೆ ಒಂದು ಏಟು ಕೊಟ್ಟು, "ಛಲೋ ಕೊಟ್ಟಿ," ಎಂದರು.

ನಿಂಬೆ ಗಿಡ ಪಕ್ಕದ ಮನೆಯ ಬಾರ್ಬರಾಳದ್ದು. ಬೇಲಿಗೆ ಒರಗಿಕೊಂಡಿದೆ, ಕೊಂಬೆ ನಮಗೆ, ಬೇರು ಅವಳಿಗೆ. ಬಾರ್ಬರಾ ಕೆಟ್ಟವಳಲ್ಲ. ಆದರೆ ಮನೆ ಬರುವ ಸುದ್ದಿ ಕೇಳಿದಂದಿನಿಂದ ದಿನಾ ಒಂದು ಬಟ್ಟಲು ನಿಂಬೆಹಣ್ಣು, ಒಂದು ಆತಂಕ ಹಿಡಿದು ಬರುತ್ತಿದ್ದಳು. "ಹನೀ, ಅದಕ್ಕೆ ಚಕ್ರ ಇರುತ್ತಾ?" ಇರಲ್ಲ ಬಾರ್ಬರಾ. "ನಮ್ಮ ಬೀದಿಯ ರೇಟು ಇಳಿಯುತ್ತಾ?" ನಿನ್ನ ಕಾರಿನ ಕೆಳಗೆ ಎಣ್ಣೆ ಸೋರಿದಾಗ ಇಳಿದಿತ್ತಾ? ಇದನ್ನು ನಾನು ಕಾನ್ವೆಂಟಿನ ಅತ್ಯಂತ ಮೃದುವಾದ ಇಂಗ್ಲಿಷಿನಲ್ಲಿ, ಮುಗುಳ್ನಗೆಯೊಂದಿಗೆ ಕೇಳಿದೆ. ಅವಳು ಥ್ಯಾಂಕ್ಯೂ ಹೇಳಿ ಹೋದಳು; ಅರ್ಧ ದಾರಿಯಲ್ಲಿ ನಿಂತು ಹಿಂದಿರುಗಿ ನೋಡಿದಳು.

ಮನೆ ಬಂದ ದಿನ ಬೀದಿಯೇ ನೆರೆಯಿತು. ಎದುರುಮನೆಯ ಮೇಲ್‌ಬಾಕ್ಸಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಲಾರಿ ತಿರುಗಿತು. ದೊಡ್ಡ ಕ್ರೇನು ನಮ್ಮ ಚಾವಣಿಯ ಮೇಲಿಂದಲೇ ಮನೆಯನ್ನು ಎತ್ತಿ ಹಿತ್ತಲಿಗೆ ಇಳಿಸಬೇಕು. ಬಾರ್ಬರಾ ಮಡಚುವ ಕುರ್ಚಿ ತಂದು ಕೂತಳು. ಅತ್ತೆ ಕಾಣಲಿಲ್ಲ. ಮನೆ ಆಕಾಶದಲ್ಲಿ ನಿಧಾನಕ್ಕೆ ತಿರುಗುತ್ತಾ, ಕಿಟಕಿಗಳಲ್ಲಿ ಮೋಡ ತೋರಿಸುತ್ತಾ ಬರುತ್ತಿದ್ದರೆ ಇವರು ಕಣ್ಣುಮುಚ್ಚಿ ಏನೋ ಗುಣುಗುಟ್ಟುತ್ತಿದ್ದರು. ಸ್ತೋತ್ರವೋ ವಿಮೆಯ ಷರತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಅತ್ತೆ ಜರಿಯಂಚಿನ ಸೀರೆ ಉಟ್ಟು, ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸಿದ ಕೆಂಪು ನೀರು ಹಿಡಿದು ಬಂದರು. ಅಡಿಪಾಯದ ಮೇಲೆ ಮನೆ ಕೂತದ್ದೇ ಮುಂದೆ ಹೋಗಿ, ಹೊಸ ಸೊಸೆಗೆ ಎತ್ತುವಂತೆ ಆರತಿ ಎತ್ತಿ, ನೀರನ್ನು ಕ್ರೇನಿನವನ ಬೂಟಿನ ಹತ್ತಿರ ಸುರಿದರು. ಅವನು ಕೆಂಪು ನೀರು ನೋಡಿ ಹಿಂದಕ್ಕೆ ಹಾರಿ, "ಮ್ಯಾಮ್, ಈಸ್ ದಟ್ ಬ್ಲಡ್?" ಎಂದ. "ನೋ ನೋ, ಟರ್ಮೆರಿಕ್," ಎಂದೆ. "ನಿನಗೂ ದೃಷ್ಟಿ ಆಗಿರ್ತದಪಾ, ಎಷ್ಟ ಮಂದಿ ನೋಡ್ಲಿಕ್ಹತ್ಯಾರ," ಎಂದು ಅತ್ತೆ ಅವನಿಗೂ ಒಂದು ಸುತ್ತು ನಿವಾಳಿಸಿದರು. ಅವನು ಹೆಲ್ಮೆಟ್ ತೆಗೆದು ನಿಂತ.

ಹೊಸ್ತಿಲಿಗೆ ಇವರೇ ಮರ ತಂದರು. ಕೆಂಪುಮರದ ದಪ್ಪ ಪಟ್ಟಿ. ವಾರಾಂತ್ಯವೆಲ್ಲ ಗ್ಯಾರೇಜಿನಲ್ಲಿ ಉಜ್ಜಿದರು. ಕಂಪ್ಯೂಟರ್ ಬಿಟ್ಟು ಬೇರೇನನ್ನಾದರೂ ಅವರು ಅಷ್ಟು ಪ್ರೀತಿಯಿಂದ ಮುಟ್ಟಿದ್ದು ನಾನು ನೋಡಿರಲಿಲ್ಲ. ಅತ್ತೆ ಪಟ್ಟಿಯನ್ನು ತೊಳೆದು, ಕೆಳಗೆ ನವಧಾನ್ಯ ಹಾಕಿ, ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾದ ಮುಂಬಾಗಿಲಿಗೆ ಕೂರಿಸಿ ಮೊಳೆ ಹೊಡೆಸಿದರು. ತಪ್ಪಾಗಿದ್ದು ಇಲ್ಲೇ. ಕೊನೆಯ ಇನ್ಸ್‌ಪೆಕ್ಷನ್ ಇನ್ನೂ ಆಗಿರಲಿಲ್ಲ. ಅದು ಮುಗಿಯದೆ ಆ ಮನೆಯಲ್ಲಿ ಒಂದು ರಾತ್ರಿ ಮಲಗುವಂತಿಲ್ಲ. ಆದರೆ ಹೊಸ್ತಿಲಿಲ್ಲದ ಮನೆಗೆ ಪರರನ್ನು ಕರೆಯುವುದು ಹೇಗೆ? ಬರುವವರು ಯಾವುದನ್ನು ದಾಟಿ ಬರಬೇಕು? ನಮ್ಮಲ್ಲಿ ಯಾರಿಗೂ, ಸ್ಪ್ರೆಡ್‌ಶೀಟಿಗೂ ಸಹ, ಇದೊಂದು ತೊಡಕು ಅಂತ ಹೊಳೆಯಲೇ ಇಲ್ಲ.

ಇನ್ಸ್‌ಪೆಕ್ಟರ್ ಬಂದರು. ಎತ್ತರದ ಮನುಷ್ಯ, ಬಿಸಿಲಿಗೆ ಕೆಂಪಾದ ಕುತ್ತಿಗೆ. ಒಳಗೆ ಕೊಳೆಯಾಗಬಾರದೆಂದು ಬೂಟಿನ ಮೇಲೆ ನೀಲಿ ಬಟ್ಟೆಯ ಚೀಲ ಹಾಕಿಕೊಂಡರು. ಅದನ್ನು ನೋಡಿಯೇ ಅತ್ತೆಗೆ ಅವರ ಮೇಲೆ ಗೌರವ ಬಂದಿತ್ತು. ಆ ಗೌರವ ಬಹಳ ಹೊತ್ತು ಉಳಿಯಲಿಲ್ಲ. ಅಡಿಪಾಯ ನೋಡಿದರು, ಬೋಲ್ಟು ನೋಡಿದರು, ಸೂರು ನೋಡಿದರು. ನನ್ನ ಮಾರ್ಜಿನ್ ಅಳೆದು "ಪರ್ಫೆಕ್ಟ್" ಎಂದರು. ನಾನು ಸಿಸ್ಟರ್ ಮುಂದೆ ನಿಂತಂತೆ ನಾಚಿದೆ. ಆಮೇಲೆ ಒಳಗನ್ನೂ ಸುತ್ತಿ ನೋಡಿ ಮುಂಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕಾಲಿಟ್ಟರು.

"ಏ ಏ ಏ! ತುಳೀಬ್ಯಾಡೋ!" ಎಂದು ಅತ್ತೆ ಕೂಗಿದ ಕೂಗಿಗೆ ಅವರು ಹಾವು ತುಳಿದವರಂತೆ ಹಿಂದಕ್ಕೆ ನೆಗೆದರು. ನಾನು ಓಡಿಹೋಗಿ, ಕ್ಷಮಿಸಿ, ಅದರ ಮೇಲೆ ಕಾಲಿಡಬಾರದು, ದಾಟಿಕೊಂಡು ಬರಬೇಕು ಎಂದೆ. ಅವರು ಬಗ್ಗಿ ನೋಡಿದರು. ಟೇಪ್ ತೆಗೆದರು. "ಮ್ಯಾಮ್, ಅದೇ ಸಮಸ್ಯೆ. ಇದನ್ನು ದಾಟಬೇಕಾಗುತ್ತದೆ," ಎಂದರು. "ಹೌದು ಸರ್, ದಾಟುವುದಕ್ಕೇ ಅದು ಇರುವುದು," ಎಂದೆ. ಬೆಂಕಿ ಬಿದ್ದರೆ ಹೊರಗೆ ಓಡುವ ಬಾಗಿಲಿದು, ಪಟ್ಟಿ ಇಷ್ಟು ಎತ್ತರ ಇರುವಂತಿಲ್ಲ, ತೆಗೆದು ಫೋನ್ ಮಾಡಿ, ಮತ್ತೆ ಬರುತ್ತೇನೆ ಎಂದು ಅವರು ಜೇಬಿನಿಂದ ಪೆನ್ನು ತೆಗೆದರು.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಪೆನ್ನು ಬರುತ್ತದೆ. "ಕೀಳು ಅಂತಾನೇನು?" ಎಂದು ನನ್ನನ್ನು ಕೇಳಿದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. "ಆತು ಬಿಡು. ಯಾರ ಯಾರ ಕಡಿಂದ ಎಷ್ಟ ಸಲಾ ಅನ್ನಿಸಿಕೊಳ್ಳೂದು? ಶೀನ್ಯಾ, ಟಿಕೀಟು ಅದ ಅಲಾ," ಎಂದು ಮಗನಿಗೆ ಹೇಳಿ, ಸೆರಗಿನಿಂದ ಹೊಸ್ತಿಲ ಮೇಲಿನ ಬೂಟಿನ ಗುರುತು ಒರೆಸತೊಡಗಿದರು. ಇವರು ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತು ಕಿತ್ತುಬಿಡೋಣ. ಅವರು ಹೋದ ಮೇಲೆ ಮತ್ತೆ ಹೊಡೆದರಾಯ್ತು. ಎಲ್ಲರೂ ಹಾಗೇ ಮಾಡೋದು," ಎಂದು ಪಿಸುಗುಟ್ಟಿದರು.

ಎಲ್ಲರೂ ಹಾಗೇ ಮಾಡುತ್ತಾರೆ, ಗೊತ್ತು. ಆದರೆ ಕೀಳುವಾಗ ಆ ಪಟ್ಟಿಯ ಮುಂದೆ ಅತ್ತೆ ನಿಂತಿರುತ್ತಾರಲ್ಲ. ಅವರನ್ನು ಒಂದು ಹೊಸ್ತಿಲಿಂದ ಒಮ್ಮೆ ಎಬ್ಬಿಸಿದ್ದು ಸಾಲದೇ? ಅಲ್ಲಿ ಮೆತ್ತಗೆ ಹೇಳಿ ಎಬ್ಬಿಸಿದರು, ಇಲ್ಲಿ ಟೇಪ್ ಹಿಡಿದು ಎಬ್ಬಿಸುತ್ತಾರೆ, ಅಷ್ಟೇ ವ್ಯತ್ಯಾಸ. ನನ್ನ ಡಬ್ಬಿಯ ಮುಚ್ಚಳ ಹಾರಿದ್ದು ಆಗ. ನಾನು ಇನ್ಸ್‌ಪೆಕ್ಟರ ಮುಂದೆ ಹೋಗಿ ನಿಂತು "ಸಾರಿ ಸರ್" ಎಂದೆ. ಜನ್ಮದಲ್ಲಿ ಲಕ್ಷ ಸಲ ಸಾರಿ ಹೇಳಿರುವ ನಾನು ಅದರ ಮುಂದೆ ಇನ್ನೊಂದು ವಾಕ್ಯ ಸೇರಿಸಿದ್ದು ಅದೇ ಮೊದಲು. "ನಾವು ಇದನ್ನು ಕೀಳುವುದಿಲ್ಲ. ಇವತ್ತೂ ಇಲ್ಲ, ನೀವು ಹೋದ ಮೇಲೂ ಇಲ್ಲ. ಫೇಲ್ ಅಂತ ಬರೆಯುವುದಾದರೆ ಬರೆಯಿರಿ." ಬೇಲಿಯಾಚೆ ಬಾರ್ಬರಾಳ ಮಡಚುವ ಕುರ್ಚಿ ಕಿರುಗುಟ್ಟಿತು.

ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ. ನಿಟ್ಟುಸಿರಿಟ್ಟು ಬೂಟಿನ ಚೀಲ ಕಳಚಲು ಬಗ್ಗಿದರು. ಆ ನೀಲಿ ಚೀಲದ ತುದಿಗೆ ಒಂದು ನಿಂಬೆ ಎಲೆ ಅಂಟಿಕೊಂಡಿತ್ತು. ನಿಂಬೆ ಗಿಡ ಇರುವುದು ಮನೆಯ ಆ ಪಕ್ಕ, ಬಟ್ಟೆ ಒಗೆಯುವ ಯಂತ್ರ ಇಟ್ಟ ಮೂಲೆಯ ಎರಡನೇ ಬಾಗಿಲಿನ ಕಡೆ. ಅಂದರೆ ಇನ್ಸ್‌ಪೆಕ್ಟರು ಆ ಬಾಗಿಲಿನಿಂದ ಇಳಿದು ಹತ್ತಿದ್ದಾರೆ. ಆ ಬಾಗಿಲಿಂದ ಮೆಟ್ಟಿಲಿಗೆ ಇಳಿಯುವ ಹೆಜ್ಜೆ ನಮ್ಮ ಹೊಸ್ತಿಲಿಗಿಂತ ಎಷ್ಟೋ ದೊಡ್ಡದು. ನಾನು ಸೀರೆ ಎತ್ತಿಕೊಂಡೇ ಇಳಿಯುವುದು. ಅಲ್ಲಿ ಟೇಪ್ ಸದ್ದು ಕೇಳಿಸಿರಲಿಲ್ಲ. ನನ್ನ ಬಲಗೈ ತಾನಾಗಿ ಮೇಲೆದ್ದಿತು. ನಡುವಯಸ್ಸಿನ ಹೆಂಗಸು ತನ್ನದೇ ಹಿತ್ತಲಲ್ಲಿ ಕೈ ಎತ್ತಿ ನಿಂತದ್ದನ್ನು ನೋಡಿ ಅವರು ತಬ್ಬಿಬ್ಬಾಗಿ, "ಎಸ್?" ಎಂದರು.

"ಆ ಬಾಗಿಲಿನಲ್ಲಿ ಹೆಜ್ಜೆ ಇದಕ್ಕಿಂತ ಎತ್ತರ. ಅದನ್ನೇಕೆ ಫೇಲ್ ಮಾಡಲಿಲ್ಲ?"

"ಅದು ಎಕ್ಸಿಟ್ ಬಾಗಿಲಲ್ಲ, ಮ್ಯಾಮ್. ನಿಯಮಕ್ಕೆ ಬೇಕಾದ್ದು ಒಂದೇ. ಉಳಿದದ್ದು ಹೆಚ್ಚುವರಿ."

"ಯಾವುದು ಒಂದೇ, ಯಾವುದು ಹೆಚ್ಚುವರಿ ಅಂತ ತೀರ್ಮಾನ ಮಾಡಿದ್ದು ಯಾರು?"

ಅವರು ಆ ಬಾಗಿಲು ನೋಡಿದರು, ಈ ಬಾಗಿಲು ನೋಡಿದರು, ಅತ್ತೆಯ ಸೆರಗು ನೋಡಿದರು. ಕುತ್ತಿಗೆ ಕೆರೆದುಕೊಂಡರು. "ಪ್ಲಾನಿನಲ್ಲಿ ನೀವು ತೋರಿಸಿದ್ದು," ಎಂದರು. ಆ ಬಾಗಿಲಿನ ಅಗಲ ಅಳೆದು, ಸಾಕಷ್ಟಿದೆ, ಅಲ್ಲಿ ಹೊರಗೆ ಸಮತಟ್ಟಾದ ಕಟ್ಟೆಯೊಂದನ್ನು ಎತ್ತರಿಸಿ, ದೀಪ ಹಾಕಿ, ಅದೇ ಎಕ್ಸಿಟ್ ಎಂದು ಪ್ಲಾನು ತಿದ್ದಿಸಿದರೆ ಈ ಬಾಗಿಲು ಹೆಚ್ಚುವರಿಯಾಗುತ್ತದೆ, ಇಷ್ಟೆತ್ತರದ ಪಟ್ಟಿ ಆಗ ನಡೆಯುತ್ತದೆ ಎಂದರು. ನಾನು ಎತ್ತಿದ ಕೈ ಇಳಿಸಿರಲಿಲ್ಲ. "ಮೇ ಐ?" ಎಂದೆ. ಅವರು ತಲೆಯಾಡಿಸಿದರು. ಆಗ ಇಳಿಸಿದೆ.

ಅತ್ತೆಗೆ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. "ಅಂದ್ರ ಸರಕಾರದ್ದು ಆ ಬಾಗಲಾ, ನಂದು ಈ ಬಾಗಲಾ?" ಹೌದು ಅತ್ತೆ. "ಸರಕಾರ ಅಲ್ಲಿಂದ ಬರ್ಲಿ ಹಂಗಾರ," ಎಂದು ಕೈಚೀಲದಿಂದ ಟಿಕೀಟು ತೆಗೆದು ಮಗನ ಕೈಗಿತ್ತು, "ಇದನ್ನ ಏನರೆ ಮಾಡು," ಎಂದರು. ಇವರು ಎರಡು ವಾರಾಂತ್ಯ ಕಟ್ಟೆ ಕಟ್ಟಿದರು. ಬಾರ್ಬರಾ ಬೇಲಿಗೆ ಬಂದು, "ಅಂದರೆ ನಿಮ್ಮ ಮೇನ್ ಡೋರ್ ಈಗ ನನ್ನ ಕಡೆಗಾ?" ಎಂದು ಕೇಳಿದಳು. "ಕಾಗದ ಹೇಳುವ ಪ್ರಕಾರ ಮಾತ್ರ," ಎಂದೆ. ಈಗ ಊರಿನ ದಾಖಲೆಯ ಪ್ರಕಾರ ನಮ್ಮ ಅತ್ತೆಯ ಮಹಾದ್ವಾರ ನಿಂಬೆ ಗಿಡದ ಮುಂದೆ ತೆರೆದುಕೊಳ್ಳುತ್ತದೆ. ಬಾರ್ಬರಾಳ ಬೆಕ್ಕೊಂದನ್ನು ಬಿಟ್ಟು ಯಾರೂ ಅದನ್ನು ಬಳಸಿದ್ದು ನಾನು ಕಂಡಿಲ್ಲ.

ಸಂಕ್ರಾಂತಿಗೆ ಮುಂಚೆ ಹಾಲುಕ್ಕಿಸಿದೆವು. ವಿಜಯಾ ಬಂದು ಹೊಸ್ತಿಲನ್ನು ಸವರಿ, ಇಂಥದ್ದು ಎಲ್ಲಿ ಸಿಗುತ್ತದೆಂದು ಇವರನ್ನು ವಿಚಾರಿಸಿಕೊಂಡು ಹೋದಳು. ಎಲ್ಲ ಸುಖಾಂತ ಎಂದು ಇಲ್ಲಿಗೆ ಮುಗಿಸಿದ್ದರೆ ನನಗೂ ಗೌರವ ಉಳಿಯುತ್ತಿತ್ತು. ಆದರೆ ಒಂದು ಮಾತು ಹೇಳದೆ ವಿಧಿಯಿಲ್ಲ. ಮೊದಲೆಲ್ಲ ಅತ್ತೆ ಬೆನ್ನ ಹಿಂದೆ ನಿಂತಿರುತ್ತಾರೆಂಬ ಭಯದಿಂದ ನಾನು ಬೆಳಗಿನ ಮಬ್ಬಿನಲ್ಲೇ ಏಳುತ್ತಿದ್ದೆ. ಈಗ ನನ್ನ ಪಟ್ಟಿ ನನಗೆ, ಅವರದ್ದು ಅವರಿಗೆ. ಸ್ಪರ್ಧಿಯೇ ಇಲ್ಲದ ಮೇಲೆ ಓಡುವವರು ಯಾರು? ನಿದ್ದೆ ಉದ್ದವಾಯಿತು. ಒಂದು ದಿನ ಎದ್ದು ಬಾಗಿಲು ತೆರೆದರೆ ನನ್ನ ಅಲ್ಯೂಮಿನಿಯಂ ಪಟ್ಟಿಗೆ ಅರಿಶಿನ ಹಚ್ಚಿ, ಮುಂದೆ ಅಚ್ಚುಕಟ್ಟಾದ ರಂಗೋಲಿ ಬಿದ್ದಿದೆ. ಅತ್ತೆ ತಮ್ಮ ಬಾಗಿಲಲ್ಲಿ ನಿಂತು, "ಒಣಗಿಕೊಂಡು ಬಿದ್ದಿತ್ತು ನೋಡು, ನೋಡಿ ತಡೀಲಿಕ್ಕೆ ಆಗ್ಲಿಲ್ಲ," ಎಂದರು. ನಿನ್ನ ಮನಿ ಹೊಸ್ತಿಲು ನೀ ಮಾಡಬೇಕು ಅಂದವರು! ಅಂದಿನಿಂದ ಎರಡೂ ಅವರದ್ದೇ. ಊರಿನವರನ್ನು ಎದುರಿಸಿ ಗೆದ್ದ ನನ್ನ ಕೈಯಲ್ಲಿ ಕೊನೆಗೆ ಉಳಿದದ್ದು ಕಾಫಿ ಲೋಟ.

ಇದನ್ನು ಹೀಗೇ ಬಿಡಬಾರದೆಂದು ನಿಶ್ಚಯಿಸಿ, ಮೊನ್ನೆ ಅವರಿಗಿಂತ ಮುಂಚೆ ಎದ್ದು ಸದ್ದಿಲ್ಲದೆ ಹಿತ್ತಲು ದಾಟಿ ಅವರ ಹೊಸ್ತಿಲಿಗೇ ಅರಿಶಿನ ಹಚ್ಚಿ, ಸ್ಕೇಲಿಟ್ಟಂತೆ ನೇರವಾದ ಎಳೆ ಎಳೆದು ಬಂದೆ. ನಮ್ಮ ಅಡುಗೆಮನೆಯ ಕಿಟಕಿಯ ಪರದೆಯ ಹಿಂದೆ ನಿಂತು ಕಾದೆ. ಬಾಗಿಲು ತೆರೆಯಿತು. ಅತ್ತೆ ಕೆಳಗೆ ನೋಡಿದರು. ಬಗ್ಗಿದರು. ಒಂದು ಎಳೆಯ ಉದ್ದಕ್ಕೂ ಬೆರಳು ಓಡಿಸಿ, ಒಂದು ಕಡೆ ನಿಲ್ಲಿಸಿ, ಪರದೆಯ ಕಡೆ ತಿರುಗದೆಯೇ, "ಇಲ್ಲಿ ಸೊಟ್ಟಾಗ್ಯದ," ಎಂದು ಗಟ್ಟಿಯಾಗಿ ಹೇಳಿದರು. ಒದ್ದೆ ಬಟ್ಟೆ ತಂದು ಪೂರ್ತಿ ಒರೆಸಿ ಹೊಸದಾಗಿ ಹಾಕಿದರು. ಪರದೆಯ ಹಿಂದೆ ನನ್ನ ಬಲಗೈ ಮೆಲ್ಲಗೆ ಮೇಲೇರತೊಡಗಿದ್ದನ್ನು ಎಡಗೈಯಿಂದ ಹಿಡಿದು ಇಳಿಸಿದೆ. ಫೇಲ್ ಮಾಡಬೇಡಿ, ಇನ್ನೊಂದು ಬಾಗಿಲಿದೆ ಎಂದು ತೋರಿಸೋಣವೆಂದರೆ ಅತ್ತೆಯ ಹತ್ತಿರ ಹೋಗುವುದಕ್ಕೆ ಇರುವ ಬಾಗಿಲು ಒಂದೇ. ಅದರ ಇನ್ಸ್‌ಪೆಕ್ಟರೂ ಅವರೇ.